ಸೋರುವ ಮಾಳಿಗೆ, ತೂಗದ ಕಂಬಿ

ಕಳೆದ ಮಳೆಗಾಲದಲ್ಲಿ ನಮ್ಮ ಪತ್ರಿಕಾ ಕಾರ್ಯಾಲಯದ ಮಾಳಿಗೆ ಸೋರಿತು. ಸೋರಿದ್ದು ನೇರವಾಗಿ ಕಾಗದದ ಬಂಡಲುಗಳ ಮೇಲೆ. ಆ ದಿನಗಳಲ್ಲಿ ಕೆಲವು ಓದುಗರಿಗೆ ಸಂಚಿಕೆ ಅಂಚು ಹಳದಿಯಾಗಿ, ಉಬ್ಬಿಕೊಂಡು ತಲುಪಿದ್ದಕ್ಕೆ ಕಾರಣ ಇದೇ. ಆಗ ನಾವು ಕ್ಷಮೆ ಕೇಳಲಿಲ್ಲ, ಈಗ ಕೇಳುತ್ತಿದ್ದೇವೆ.

ಅಂಗಡಿ ಬೀದಿಯಲ್ಲಿ ವಿಚಾರಿಸಿದೆವು. ನೀರು ಇಳಿಯದಂತೆ ಬಳಿಯುವ ಬಣ್ಣದ ಏಜೆಂಟರೊಬ್ಬರು ಬಂದರು. ಮಾಳಿಗೆ ಹತ್ತಿ ಐದು ನಿಮಿಷ ನಿಂತು ಇಳಿದರು. ಇಡೀ ಮಾಳಿಗೆಗೆ ಎರಡು ಕೋಟು ಹೊಡೆಯದೆ ಇದು ನಿಲ್ಲುವುದಿಲ್ಲ ಅಂದರು. ನಾವು ಹೂಂ ಅಂದೆವು. ಹದಿನೆಂಟು ಸಾವಿರ ರೂಪಾಯಿ ಹೋಯಿತು. ಮುಂದಿನ ಹದ ಮಳೆಗೆ ಮತ್ತೆ ಸೋರಿತು. ಇನ್ನೊಬ್ಬರು ಬಂದರು, ಮೊದಲಿನವರು ಹಾಕಿದ ಮಾಲೇ ಸರಿಯಿಲ್ಲ ಅಂದರು, ಹನ್ನೊಂದು ಸಾವಿರ ತೆಗೆದುಕೊಂಡರು. ಮೂರನೆಯ ಮಳೆಗೂ ಸೋರಿತು. ಸರ್ಕಾರದ ಆಯವ್ಯಯವನ್ನು ವರ್ಷವರ್ಷ ಬಿಡಿಸಿ ತೋರಿಸುವ ನಾವು, ನಮ್ಮ ತಲೆಯ ಮೇಲಿನ ಮಾಳಿಗೆಯ ಲೆಕ್ಕ ತಿಳಿಯದೆ ಇಪ್ಪತ್ತೊಂಬತ್ತು ಸಾವಿರ ಕಳೆದೆವು. ಅದು ಚಂದಾದಾರರು ಕೊಟ್ಟ ಹಣ. ಆದ್ದರಿಂದ ಅದರ ಲೆಕ್ಕವನ್ನು ಒಪ್ಪಿಸಬೇಕಾದದ್ದು ನಮ್ಮ ಕರ್ತವ್ಯ.

ಸಂಜೆ ಪತ್ರಿಕೆ ಓದಲು ಬರುವವರಲ್ಲಿ ಗಿರಣಿಯ ಹಳೆಯ ಫಿಟ್ಟರ್ ಒಬ್ಬರಿದ್ದಾರೆ. ಎರಡು ಸಲವೂ ಅವರು ಮೂಲೆಯಲ್ಲಿ ಕುಳಿತು ನೋಡುತ್ತಲೇ ಇದ್ದವರು. ಮೂರನೆಯ ಸಲ ಮಾತ್ರ ಬಾಯಿಬಿಟ್ಟರು: "ಅಲ್ಲ ಸ್ವಾಮಿ, ನೀರು ಎಲ್ಲಿಂದ ಬರುತ್ತೆ ಅಂತ ಯಾರಾದ್ರೂ ನೋಡಿದಿರೇನ್ರಿ?"

ನಾವು ನೋಡಿರಲಿಲ್ಲ. ಬಂದವರೂ ನೋಡಿರಲಿಲ್ಲ. ಅವರು ಸೀಸದ ಕಡ್ಡಿ ತೆಗೆದುಕೊಂಡು, ಮೇಜಿನ ಮೇಲೆ ಹತ್ತಿ, ಸೂರಿನ ಒದ್ದೆ ಕಲೆಯ ಸುತ್ತ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆದರು. ಮಳೆ ನಿಂತಿತು. ಮೂರು ದಿನ ಕಳೆದ ಮೇಲೂ ಕಲೆ ಗೆರೆ ದಾಟಿ ಬೆಳೆದಿತ್ತು. "ಮಳೆ ನಿಂತ ಮೇಲೂ ಬೆಳೀತಾ ಇದೆ ಅಂದ್ರೆ ಮೇಲೆ ನೀರು ನಿಂತಿದೆ ಅಂತಾಯ್ತು. ಬೇಸಿಗೆಯಲ್ಲೂ ಬೆಳೆದಿದ್ರೆ ನಲ್ಲಿ ಪೈಪು ನೋಡ್ತಿದ್ದೆ" ಅಂದರು. ಮಾಳಿಗೆ ಹತ್ತಿ ನೋಡಿದರೆ, ಮಳೆ ನೀರು ಇಳಿಯುವ ಕೊಳವೆಯ ಬಾಯಿಗೆ ಬೇವಿನ ಎಲೆ, ಹಳೆಯ ಕರಪತ್ರಗಳ ಮುದ್ದೆ (ನಮ್ಮವೇ, ಒಪ್ಪಿಕೊಳ್ಳುತ್ತೇವೆ) ತುಂಬಿಕೊಂಡಿದ್ದವು. ಅಲ್ಲದೆ ಕೊಳವೆಯ ಬಾಯಿ ಸುತ್ತಲಿನ ನೆಲಕ್ಕಿಂತ ಅರ್ಧ ಇಂಚು ಮೇಲಿತ್ತು. ನಿಂತ ನೀರು ಗೋಡೆಯೂ ಮಾಳಿಗೆಯೂ ಸೇರುವ ಮೂಲೆಯ ಬಿರುಕಿನಲ್ಲಿ ನಿಧಾನವಾಗಿ ಇಳಿಯುತ್ತಿತ್ತು. ಬಣ್ಣ ನೆಲಕ್ಕೆ ಬಳಿದಿದ್ದರು, ಬಿರುಕು ಮೂಲೆಯಲ್ಲಿತ್ತು.

ಒಬ್ಬ ಗಾರೆಯವನ ಒಂದು ದಿನದ ಕೂಲಿ, ಒಬ್ಬ ಸಹಾಯಕನ ಕೂಲಿ, ಅರ್ಧ ಚೀಲ ಸಿಮೆಂಟು, ನಾಲ್ಕು ಬಾಂಡ್ಲಿ ಮರಳು. ಕೊಳವೆ ಬಿಡಿಸಿ, ಬಾಯಿಯನ್ನು ತಗ್ಗಿಸಿ, ಬಿರುಕನ್ನು ಅಗಲವಾಗಿ ಕೆತ್ತಿ ತುಂಬಿ, ಮೂಲೆಯುದ್ದಕ್ಕೂ ಗಾರೆಯನ್ನು ದುಂಡಗೆ ಕಟ್ಟಿಸಿದರು. ಒಣಗಿದ ಮೇಲೆ ಕೊಳವೆಗೆ ಬಟ್ಟೆ ತುರುಕಿ, ಎರಡು ಇಂಚು ನೀರು ನಿಲ್ಲಿಸಿ ಒಂದು ಹಗಲು ಒಂದು ರಾತ್ರಿ ಬಿಟ್ಟು ನೋಡಿದರು. ಕೆಳಗೆ ಒಂದು ಹನಿ ಇಲ್ಲ. ಆ ಮೇಲೆಯೇ ಗಾರೆಯವನಿಗೆ ಕೂಲಿ ಕೊಡಲು ನಮಗೆ ಹೇಳಿದ್ದು.

ಇದನ್ನು ಇಷ್ಟು ಉದ್ದಕ್ಕೆ ಬರೆಯಲು ಕಾರಣವಿದೆ. ಪತ್ರಿಕೆಗೆ ಇಪ್ಪತ್ತೊಂಬತ್ತು ಸಾವಿರ ಹೋದರೆ ನಾಲ್ಕು ಪುಟ ಕಡಿಮೆ ಮಾಡಿ ಸುಧಾರಿಸಿಕೊಳ್ಳುತ್ತೇವೆ. ಗಿರಣಿಯ ಕಾರ್ಮಿಕನ ಮನೆಯಲ್ಲಿ ಅಷ್ಟು ಹಣ ಹೋದರೆ ಅದು ಕೈಗಡವಾಗಿ, ಬಡ್ಡಿಯಾಗಿ, ಮಗಳ ಕಾಲೇಜಿನ ಶುಲ್ಕವಾಗಿ ಹೋಗುತ್ತದೆ. ನಮ್ಮ ಬೀದಿಗಳಲ್ಲಿ ಈಗ ಹೀಗೆ ಹೋಗುತ್ತಿರುವ ಹಣ ಎಷ್ಟೆಂದು ಯಾರೂ ಲೆಕ್ಕವಿಟ್ಟಿಲ್ಲ. ಕೂಲಿಗಾಗಿ ತಿಂಗಳುಗಟ್ಟಲೆ ಹೋರಾಡಿ ಪಡೆದ ಹೆಚ್ಚಳವನ್ನು ಒಂದು ಮಧ್ಯಾಹ್ನದಲ್ಲಿ, ಅಳತೆ ಗೊತ್ತಿಲ್ಲದ ಕಾರಣಕ್ಕೆ, ನಾವೇ ಎಣಿಸಿ ಕೊಟ್ಟುಬಿಡುತ್ತೇವೆ.

ಹಿಂದೆ ಹೀಗಿರಲಿಲ್ಲ ಎಂದರೆ ಹಳಬರ ಹಳಹಳಿಕೆ ಎಂದಾರು. ಆದರೆ ಒಂದು ಮಾತು ನಿಜ. ಹಂಚಿನ ಮನೆಯ ಲೆಕ್ಕ ಮನೆಯಲ್ಲಿದ್ದವರಿಗೆಲ್ಲ ಗೊತ್ತಿತ್ತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಆ ಕೆಂಪು ಹಂಚು ನಮ್ಮ ನಾಡಿನ ಊರೂರಿಗೆ ಹರಡಿತು. ಒಂದು ಚದರಕ್ಕೆ, ಅಂದರೆ ನೂರು ಚದರಡಿಗೆ, ಸುಮಾರು ನೂರೈವತ್ತು ಹಂಚು. ಇದನ್ನು ಹೇಳಲು ಎಂಜಿನಿಯರು ಬೇಕಾಗಿರಲಿಲ್ಲ. ಒಡೆದರೆ ಒಡೆದ ಒಂದನ್ನೇ ತೆಗೆದು ಇನ್ನೊಂದನ್ನು ಸೇರಿಸಿದರೆ ಮುಗಿಯಿತು. ಸೋರುವುದು ಎಲ್ಲಿಂದ ಎಂದು ಹಗಲಲ್ಲಿ ಬೆಳಕು ತೂರಿಬಂದದ್ದನ್ನು ನೋಡಿ ಮಕ್ಕಳೂ ಹೇಳುತ್ತಿದ್ದರು. ಹಾಗೆಂದು ಎಲ್ಲರೂ ಹಂಚಿಗೇ ಮರಳಬೇಕೆಂದು ನಾವು ಹೇಳುವವರಲ್ಲ. ಗೆದ್ದಲು ತಿಂದ ರೀಪು, ಮಂಗಗಳ ಕಾಟ, ವರ್ಷವರ್ಷ ಕೈಯಾಡಿಸುವ ಖರ್ಚು ಇವೆಲ್ಲ ಅನುಭವಿಸಿದವರಿಗೆ ಗೊತ್ತು. ದುಡಿಯುವವನು ಗಟ್ಟಿ ಮಾಳಿಗೆ ಬಯಸುವುದು ನ್ಯಾಯವಾದ ಆಸೆ. ಆದರೆ ಹಂಚಿನಿಂದ ಮೋಲ್ಡಿಗೆ ಬರುವಾಗ ಲೆಕ್ಕ ಮಾತ್ರ ನಮ್ಮ ಕೈಯಿಂದ ಮಾರುವವರ ಕೈಗೆ ಹೋಯಿತು. ಅದನ್ನು ಹಿಂದಕ್ಕೆ ಪಡೆಯುವುದು ಕಷ್ಟವೇನಲ್ಲ.

ಮೊದಲು ಸಿಮೆಂಟು. ಒಂದು ಚೀಲವೆಂದರೆ 50 ಕಿಲೋ. ಅಳತೆಯಲ್ಲಿ ಸುಮಾರು 35 ಲೀಟರು. ಮಾಳಿಗೆಗೆ ಹಾಕುವ ಮಾಮೂಲು ಮಿಶ್ರಣ ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ. ಈ ಪ್ರಮಾಣದಲ್ಲಿ ಒಂದು ಘನ ಮೀಟರು ಕಾಂಕ್ರೀಟಿಗೆ ಎಂಟು ಚೀಲ ಸಿಮೆಂಟು ಬೇಕು. ಇದನ್ನು ಮನೆಯ ಲೆಕ್ಕಕ್ಕೆ ತಂದರೆ, ಐದು ಇಂಚು ದಪ್ಪದ ಮಾಳಿಗೆಗೆ ಒಂದು ಚದರಕ್ಕೆ ಒಂಬತ್ತೂವರೆ ಚೀಲ. ಆರು ಚದರದ ಮನೆಗೆ ಐವತ್ತೇಳು ಚೀಲ, ತೊಲೆಗಳದ್ದು ಬೇರೆ. ಎಂಬತ್ತು ಚೀಲ ತರಿಸಿ ಎಂದವರನ್ನು ಏಕೆಂದು ಕೇಳಬಹುದು. ನಲವತ್ತರಲ್ಲೇ ಮುಗಿಸುತ್ತೇನೆ ಎಂದವರನ್ನು ಇನ್ನೂ ಗಟ್ಟಿಯಾಗಿ ಕೇಳಬೇಕು. ಹೆಚ್ಚು ತರಿಸಿದರೆ ಹಣ ಹೋಗುತ್ತದೆ, ಕಡಿಮೆ ಹಾಕಿದರೆ ಮನೆಯೇ ಹೋಗುತ್ತದೆ.

ಬಾಂಡ್ಲಿಯಲ್ಲಿ ಅಳೆಯುವುದು ಅಳತೆಯಲ್ಲ. ಬೆಳಿಗ್ಗೆ ತುಂಬುವ ಬಾಂಡ್ಲಿಗೂ ಸಂಜೆ ದಣಿದ ಕೈ ತುಂಬುವ ಬಾಂಡ್ಲಿಗೂ ವ್ಯತ್ಯಾಸವಿದೆ. ಒಳ ಅಳತೆ 40 ಸೆಂಟಿಮೀಟರು ಉದ್ದ, 35 ಅಗಲ, 25 ಎತ್ತರದ ಒಂದು ಮರದ ಪೆಟ್ಟಿಗೆ ಮಾಡಿಸಿಕೊಂಡರೆ ಅದು ಸರಿಯಾಗಿ ಒಂದು ಚೀಲದ ಅಳತೆ. ಚೀಲಕ್ಕೆ ಒಂದೂವರೆ ಪೆಟ್ಟಿಗೆ ಮರಳು, ಮೂರು ಪೆಟ್ಟಿಗೆ ಜಲ್ಲಿ. ಬಡಗಿಯ ಅರ್ಧ ದಿನದ ಕೆಲಸ. ಒಂದು ಬೀದಿಗೆ ಒಂದು ಪೆಟ್ಟಿಗೆ ಸಾಕು.

ಚೀಲದ ಮೇಲೆ ತುಂಬಿದ ವಾರ ಮತ್ತು ವರ್ಷ ಅಚ್ಚಾಗಿರುತ್ತದೆ. ಅದನ್ನು ಓದದೆ ಹಣ ಕೊಡಬಾರದು. ಮೂರು ತಿಂಗಳು ದಾಟಿದ ಸಿಮೆಂಟು ತನ್ನ ಶಕ್ತಿಯಲ್ಲಿ ಐದರಲ್ಲೊಂದು ಪಾಲು ಕಳೆದುಕೊಂಡಿರುತ್ತದೆ ಎಂಬುದು ಎಂಜಿನಿಯರರ ಸಾಮಾನ್ಯ ಅಂದಾಜು. ಬೆರಳಲ್ಲಿ ಹಿಸುಕಿದರೆ ಪುಡಿಯಾಗದ ಗಂಟು ಸಿಕ್ಕಿದರೆ ಆ ಚೀಲವನ್ನು ಹಿಂದಕ್ಕೆ ಕೊಡಿ.

ಇನ್ನು ನೀರು. ಕಟ್ಟಡದಲ್ಲಿ ಅತ್ಯಂತ ಅಗ್ಗದ ಸಾಮಾನು ನೀರು. ಅತ್ಯಂತ ಹೆಚ್ಚು ಹಾನಿ ಮಾಡುವುದೂ ಅದೇ. ಮೇಲೆ ಹೇಳಿದ ಮಿಶ್ರಣಕ್ಕೆ ಒಂದು ಚೀಲಕ್ಕೆ 30 ಲೀಟರು ಮೀರಬಾರದೆಂದು ಮಾನಕ ಸಂಸ್ಥೆಯ ನಿಯಮಾವಳಿಯೇ ಹೇಳುತ್ತದೆ. ಹದಿನೈದು ಲೀಟರಿನ ಎರಡು ಕೊಡ. ಮರಳು ಒದ್ದೆಯಿದ್ದರೆ ಅದಕ್ಕೂ ಕಡಿಮೆ. ಆದರೆ ಕೆಲಸದ ಜಾಗದಲ್ಲಿ ನಡೆಯುವುದೇನು? ಕಾಂಕ್ರೀಟು ಸುಲಭವಾಗಿ ಹರಿದು ಕೂರಲಿ ಎಂದು ಬಕೆಟುಗಟ್ಟಲೆ ಸುರಿಯುತ್ತಾರೆ. ಸಿಮೆಂಟು ತನಗೆ ಬೇಕಾದಷ್ಟು ನೀರನ್ನು ಮಾತ್ರ ಕುಡಿಯುತ್ತದೆ. ಉಳಿದದ್ದು ನಿಧಾನವಾಗಿ ಆರಿ ಹೋಗುತ್ತದೆ. ಹೋದ ದಾರಿಯಲ್ಲೆಲ್ಲ ಕಣ್ಣಿಗೆ ಕಾಣದ ತೂತುಗಳು ಉಳಿಯುತ್ತವೆ. ಮಳೆಗಾಲದಲ್ಲಿ ನೀರು ಅದೇ ದಾರಿಯಲ್ಲಿ ಒಳಗೆ ಬರುತ್ತದೆ. ಮೋಲ್ಡು ಹಾಕುವ ದಿನ ಸುರಿದ ಹೆಚ್ಚಿನ ನಾಲ್ಕು ಬಕೆಟು ನೀರೇ ಮುಂದೆ ಜಲನಿರೋಧಕ ಬಣ್ಣದ ಏಜೆಂಟರನ್ನು ಮನೆಗೆ ಕರೆತರುವುದು.

ಹಾಕಿದ ಮೇಲೆ ಮಾತ್ರ ನೀರು ಧಾರಾಳವಾಗಿರಬೇಕು. ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ. ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ, ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟಿಗೆ ಕನಿಷ್ಠ 10 ದಿನ. ಬಿಸಿಲು ಗಾಳಿ ಜೋರಿದ್ದರೆ 14 ದಿನ ನೆನೆಸಬೇಕು. ಮಣ್ಣಿನ ಏರಿ ಕಟ್ಟಿ ನೀರು ನಿಲ್ಲಿಸುವುದು ಹಳೆಯ ಪದ್ಧತಿ, ಇಂದಿಗೂ ಅದಕ್ಕಿಂತ ಒಳ್ಳೆಯದು ಬಂದಿಲ್ಲ. ಗುತ್ತಿಗೆದಾರ ಮೂರನೆಯ ದಿನಕ್ಕೆ ಬೇರೆ ಕೆಲಸಕ್ಕೆ ಹೋಗಿರುತ್ತಾನೆ. ಗಂಡಸರು ಮೊದಲ ಪಾಳಿಗೆ ಹೊರಟಿರುತ್ತಾರೆ. ಆ ಹದಿನಾಲ್ಕು ದಿನ ಬೆಳಗಿನ ಜಾವ ಕೊಡ ಹೊತ್ತು ಮೆಟ್ಟಿಲು ಹತ್ತುವವರು ಮನೆಯ ಹೆಂಗಸರು. ಮಾಳಿಗೆಯ ಗಟ್ಟಿತನದಲ್ಲಿ ಅವರ ಪಾಲು ಎಷ್ಟೆಂಬುದನ್ನು ಯಾವ ಅಂದಾಜು ಪಟ್ಟಿಯೂ ಬರೆದುಕೊಂಡಿಲ್ಲ. ಗೃಹಪ್ರವೇಶದ ದಿನ ಶಾಲು ಹೊದಿಸುವುದು ಮಾತ್ರ ಮೇಸ್ತ್ರಿಗೆ.

ಮರಳಿನ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಲೋಡಿನ ಲೆಕ್ಕದಲ್ಲಿ ಕೊಳ್ಳುವವರು ಒಂದನ್ನು ನೆನಪಿಡಬೇಕು. ತುಸು ಒದ್ದೆಯಾದ ಮರಳು ಉಬ್ಬುತ್ತದೆ. ನೂರಕ್ಕೆ ಇಪ್ಪತ್ತೈದರವರೆಗೂ ಉಬ್ಬುವುದುಂಟು. ನಾಲ್ಕು ಪಾಲು ಮರಳಿಗೆ ಐದು ಪಾಲಿನ ಹಣ ಕೊಟ್ಟಂತಾಯಿತು. ಒಂದು ಡಬ್ಬಿಯಲ್ಲಿ ಒದ್ದೆ ಮರಳನ್ನು ತುಂಬಿ ಎತ್ತರ ಅಳೆದುಕೊಳ್ಳಿ. ಮರಳನ್ನು ಹೊರಗೆ ಸುರಿದು, ಡಬ್ಬಿಗೆ ಅರ್ಧ ನೀರು ಹಾಕಿ, ಮರಳನ್ನು ಮತ್ತೆ ಒಳಗೆ ಬಿಟ್ಟು ಕಲಕಿ. ಇಪ್ಪತ್ತು ಸೆಂಟಿಮೀಟರು ಇದ್ದದ್ದು ಹದಿನಾರಕ್ಕೆ ಕುಸಿದರೆ ನಿಮಗೆ ಗಾಳಿಯನ್ನೂ ಮಾರಿದ್ದಾರೆ ಎಂದು ತಿಳಿಯಿರಿ. ಗಾಜಿನ ಲೋಟದಲ್ಲಿ ಉಪ್ಪು ನೀರಿನೊಡನೆ ಕಲಕಿ ಕೆಲವು ಗಂಟೆ ಬಿಟ್ಟರೆ ಮೇಲೆ ಮಣ್ಣಿನ ಪದರ ಕಾಣುತ್ತದೆ; ಅದು ಮರಳಿನ ನೂರಕ್ಕೆ 8ನ್ನು ಮೀರಿದರೆ ಆ ಲೋಡು ಬೇಡ.

ಕಬ್ಬಿಣದ ವಿಚಾರ ಬಂದಾಗ ನಮ್ಮ ಓದುಗರಲ್ಲೇ ಕೆಲವರಿಗೆ ಬೇಸರವಾಗಬಹುದು. ನಮ್ಮ ಚಂದಾದಾರರಲ್ಲಿ ಕಬ್ಬಿಣದ ಅಂಗಡಿಯವರೂ ಇದ್ದಾರೆ. ಆದರೂ ಹೇಳದೆ ನಿರ್ವಾಹವಿಲ್ಲ.

ಕಂಬಿಯ ತೂಕಕ್ಕೆ ಒಂದು ಸೂತ್ರವಿದೆ. ಗಾತ್ರ ಎಷ್ಟು ಮಿಲಿಮೀಟರೋ ಅದನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಬರುತ್ತದೆ. ಎಂಟು ಮಿಲಿಮೀಟರಿನದು 395 ಗ್ರಾಂ. ಹತ್ತರದು 617. ಹನ್ನೆರಡರದು 888. ಹದಿನಾರರದು 1 ಕಿಲೋ 580 ಗ್ರಾಂ. ಒಂದು ಪೂರ್ತಿ ಕಂಬಿ 12 ಮೀಟರು; ಆದ್ದರಿಂದ ಎಂಟರ ಕಂಬಿ ಒಂದು ನಾಲ್ಕು ಮುಕ್ಕಾಲು ಕಿಲೋಗೆ ಕೂದಲೆಳೆಯಷ್ಟು ಕಡಿಮೆ.

ಸಣ್ಣ ಕಂಬಿಗಳಲ್ಲಿ, ಅಂದರೆ ಹತ್ತು ಮಿಲಿಮೀಟರು ಮತ್ತು ಅದಕ್ಕಿಂತ ಕೆಳಗಿನದರಲ್ಲಿ, ಒಟ್ಟು ಮಾಲಿನ ತೂಕ ನೂರಕ್ಕೆ 7ರಷ್ಟು ಹೆಚ್ಚು ಕಡಿಮೆಯಾಗಬಹುದೆಂದು ಮಾನಕ ಸಂಸ್ಥೆಯ ನಿಯಮವೇ ಸಡಿಲ ಬಿಟ್ಟಿದೆ. ಉರುಳೆಯಲ್ಲಿ ಕಬ್ಬಿಣ ಎಳೆಯುವಾಗ ಇಷ್ಟು ವ್ಯತ್ಯಾಸ ಸಹಜವೇ. ಆದರೆ ಹೆಚ್ಚು ಕಡಿಮೆ ಎಂಬ ಮಾತಿನಲ್ಲಿ ಹೆಚ್ಚು ಎಂಬುದು ನಮ್ಮ ಬೀದಿಗೆ ಬಂದದ್ದನ್ನು ನಾವು ಕಂಡಿಲ್ಲ. ಎಂಟರ ನೂರು ಕಂಬಿಗಳನ್ನು ಸೂತ್ರದ ತೂಕ ಕಟ್ಟಿ 474 ಕಿಲೋ ಎಂದು ಬಿಲ್ಲು ಬರೆಯುತ್ತಾರೆ. ಮಾಲು ನೂರಕ್ಕೆ ಏಳರಷ್ಟು ಹಗುರವಿದ್ದರೆ ನಿಜವಾಗಿ ಬಂದದ್ದು 441 ಕಿಲೋ. ಮೂವತ್ಮೂರು ಕಿಲೋ ಕಬ್ಬಿಣದ ಹಣ ಎಲ್ಲಿಗೆ ಹೋಯಿತು? ಯಾರೂ ಕದ್ದಿಲ್ಲ, ಯಾವ ನಿಯಮವೂ ಮುರಿದಿಲ್ಲ, ಹಣ ಮಾತ್ರ ಹೋಗಿದೆ. ಇದಕ್ಕೆ ಪರಿಹಾರ ಒಂದೇ: ಕಬ್ಬಿಣವನ್ನು ಎಣಿಸಿ ಕೊಳ್ಳಬಾರದು, ತೂಗಿ ಕೊಳ್ಳಬೇಕು. ತೂಗಿ ಕೊಂಡರೂ ಒಂದು ತುಂಡನ್ನು ಮೀಟರಿನ ಅಳತೆಗೆ ಕತ್ತರಿಸಿ ನೋಡಬೇಕು. ಎಂಟರದು 367 ಗ್ರಾಮಿಗಿಂತ ಕೆಳಗಿದ್ದರೆ ಬೇರೆ ಕಟ್ಟಿನದನ್ನೂ ನೋಡಬೇಕು, ಅದೂ ಹಾಗೇ ಇದ್ದರೆ ಮಾಲನ್ನೇ ಹಿಂದಕ್ಕೆ ಕಳಿಸಬೇಕು. ಏಕೆಂದರೆ ಹಗುರವಾದ ಕಂಬಿ ಎಂದರೆ ಸಣಕಲು ಕಂಬಿ; ಮಾಳಿಗೆಯ ಭಾರ ಹೊರುವುದು ಬಿಲ್ಲಿನಲ್ಲಿರುವ ಕಬ್ಬಿಣವಲ್ಲ.

ಪ್ರಾಮಾಣಿಕವಾಗಿ ತೂಗಿ ಕೊಡುವ ಅಂಗಡಿಗಳು ನಮ್ಮ ಊರಿನಲ್ಲೇ ಇವೆ. ಅವರ ದರ ಕಿಲೋಗೆ ಒಂದೆರಡು ರೂಪಾಯಿ ಹೆಚ್ಚು ಕಾಣುತ್ತದೆ. ಗಿರಾಕಿ ದರ ಕೇಳಿ ಪಕ್ಕದ ಅಂಗಡಿಗೆ ಹೋಗುತ್ತಾನೆ; ಅಲ್ಲಿ ಕಡಿಮೆ ದರಕ್ಕೆ ಇಲ್ಲದ ಕಬ್ಬಿಣ ಕೊಳ್ಳುತ್ತಾನೆ. ತೂಗುವ ಅಂಗಡಿಯವನು ಎಷ್ಟು ದಿನ ತೂಗಿಯಾನು? ಗಿರಾಕಿಗೆ ಲೆಕ್ಕ ಗೊತ್ತಿರುವುದು ಒಳ್ಳೆಯ ವ್ಯಾಪಾರಿಗೇ ಮೊದಲು ಬೇಕಾಗಿದೆ.

ದೊಡ್ಡ ಕೊಯ್ಲು ಆಗುವುದು ನಮ್ಮ ಅಂಗಡಿ ಬೀದಿಯಲ್ಲಲ್ಲ ಎಂಬುದನ್ನೂ ಹೇಳಬೇಕು. ಒಂದು ಚೀಲ ಸಿಮೆಂಟು ಮಾರಿದರೆ ಬೀದಿಯ ಅಂಗಡಿಯವನಿಗೆ ಉಳಿಯುವುದು ಬಿಡಿಗಾಸು. 2012ರ ಜೂನಿನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಹನ್ನೊಂದು ಸಿಮೆಂಟು ಕಂಪನಿಗಳು ಕೂಡಿಕೊಂಡು ಬೆಲೆ ಕಟ್ಟಿದವೆಂದು, ಮಾಲನ್ನು ತಡೆಹಿಡಿದವೆಂದು ತೀರ್ಮಾನಿಸಿ 6 ಸಾವಿರ ಕೋಟಿ ರೂಪಾಯಿಗೂ ಮೇಲ್ಪಟ್ಟು ದಂಡ ಹಾಕಿತು. 2015ರಲ್ಲಿ ಮೇಲ್ಮನವಿ ಪೀಠ ಅದನ್ನು ರದ್ದುಮಾಡಿ ಮತ್ತೆ ವಿಚಾರಿಸಲು ಹೇಳಿತು. 2016ರಲ್ಲಿ ಆಯೋಗ ಮತ್ತೆ ದಂಡ ಹಾಕಿತು. 2018ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು ಎತ್ತಿಹಿಡಿಯಿತು. ಆ ಮೇಲೆ ಕಂಪನಿಗಳು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದವು. ಈ ಕಾಗದ ಮೇಲೆ ಕೆಳಗೆ ಓಡಾಡಿದ ವರ್ಷಗಳಲ್ಲಿ ನಮ್ಮ ಬೀದಿಯಲ್ಲಿ ಎಷ್ಟು ಮಾಳಿಗೆಗಳು ಎದ್ದವು! ಹೆಚ್ಚು ಕೊಟ್ಟವರಾರಿಗೂ ಒಂದು ರೂಪಾಯಿ ಹಿಂದಕ್ಕೆ ಬಂದದ್ದನ್ನು ನಾವು ಕಾಣೆವು.

ಇದಕ್ಕೆ ಸರ್ಕಾರವೇ ಬೆಲೆ ಕಟ್ಟಲಿ ಎಂದು ನಮ್ಮವರೇ ಹೇಳುತ್ತಾರೆ. ಬೆಲೆಗೆ ಲಗಾಮು ಬೇಕು, ನಿಜ. ಆದರೆ ಪರ್ಮಿಟ್ಟಿನ ಕಾಲವನ್ನು ಹಿರಿಯ ಓದುಗರು ಮರೆತಿರಲಾರರು. 1982ರವರೆಗೆ ಸಿಮೆಂಟು ಪೂರ್ತಿ ಸರ್ಕಾರದ ಹತೋಟಿಯಲ್ಲಿತ್ತು. ಆ ವರ್ಷ ಅರ್ಧ ಬಿಟ್ಟರು, 1989ರಲ್ಲಿ ಪೂರ್ತಿ ಬಿಟ್ಟರು. ಹತ್ತು ಚೀಲದ ಪರ್ಮಿಟ್ಟಿಗೆ ಬಡವ ತಿಂಗಳುಗಟ್ಟಲೆ ಕಚೇರಿಗೆ ಅಲೆಯುತ್ತಿದ್ದ. ಬಲಾಢ್ಯನ ಮನೆಗೆ ಲಾರಿ ರಾತ್ರಿಯೇ ಹೋಗುತ್ತಿತ್ತು. ಮಹಾರಾಷ್ಟ್ರದಲ್ಲಿ 1982ರಲ್ಲಿ ಮುಖ್ಯಮಂತ್ರಿಯೇ ಸಿಮೆಂಟು ಹಂಚಿಕೆಯ ವಿಚಾರವಾಗಿ ಹುದ್ದೆ ಬಿಡಬೇಕಾಯಿತು. ಲೆಕ್ಕ ಜನರ ಕಣ್ಣೆದುರು ಇಲ್ಲದಿದ್ದರೆ ಹತೋಟಿಯೂ ಕಾಳಸಂತೆಯೂ ಒಂದೇ ಮನೆಯಲ್ಲಿ ಸಂಸಾರ ಮಾಡುತ್ತವೆ.

ತೆರಿಗೆಯದೂ ಅದೇ ಕಥೆ. 2017ರಲ್ಲಿ ಜಿಎಸ್‌ಟಿ ಬಂದಾಗ ಸಿಮೆಂಟನ್ನು ನೂರಕ್ಕೆ 28ರ ಪಟ್ಟಿಗೆ ಸೇರಿಸಿದರು. ಚಿನ್ನಕ್ಕೆ ನೂರಕ್ಕೆ 3. ತಲೆಯ ಮೇಲಿನ ಸೂರು ಕೊರಳಿನ ಸರಕ್ಕಿಂತ ದೊಡ್ಡ ಭೋಗವೆಂದು ತೀರ್ಮಾನಿಸಿದ ಮಹನೀಯರು ಯಾರೋ! 2025ರ ಸೆಪ್ಟೆಂಬರ್ 22ರಿಂದ ಅದನ್ನು 18ಕ್ಕೆ ಇಳಿಸಿದ್ದಾರೆ. ತೆರಿಗೆ ಬಿಟ್ಟು ಮುನ್ನೂರು ರೂಪಾಯಿಯ ಚೀಲವೆಂದಿಟ್ಟುಕೊಳ್ಳಿ. ಹಿಂದೆ 384 ಆಗುತ್ತಿದ್ದದ್ದು ಈಗ 354 ಆಗಬೇಕು. ಐವತ್ತೇಳು ಚೀಲಕ್ಕೆ 1,710 ರೂಪಾಯಿ ಉಳಿಯಬೇಕು. ಉಳಿಯಿತೇ? ಹಳೆಯ ಬಿಲ್ಲು ಇಟ್ಟುಕೊಂಡವರು ಮಾತ್ರ ಇದಕ್ಕೆ ಉತ್ತರ ಹೇಳಬಲ್ಲರು. ನಮ್ಮ ಕಾರ್ಯಾಲಯದ ಮೊದಲಿನ ಇಪ್ಪತ್ತೊಂಬತ್ತು ಸಾವಿರಕ್ಕೆ ಬಿಲ್ಲು ಇದೆಯೇ ಎಂದು ಯಾರಾದರೂ ಕೇಳಿದರೆ, ಇಲ್ಲವೆಂದು ನಾಚಿಕೆಯಿಂದ ಹೇಳಬೇಕಾಗಿದೆ.

ಈಗ ಕಟ್ಟಿ ಇಪ್ಪತ್ತು ಮೂವತ್ತು ವರ್ಷಗಳಾದ ಮನೆಗಳ ವಿಚಾರ. ಇಲ್ಲಿ ಹಣಕ್ಕಿಂತ ದೊಡ್ಡದು ಪಣಕ್ಕಿದೆ. ಗಿರಣಿ ಚಾಳಿನ ಸುತ್ತಮುತ್ತ ಸೂರಿನ ಗಾರೆ ಚಕ್ಕೆಯಾಗಿ ಉದುರಿ, ಒಳಗಿನ ಕಂಬಿ ಕೆಂಪಗೆ ಕಾಣುವ ಕೋಣೆಗಳಲ್ಲಿ ಮಕ್ಕಳನ್ನು ಮಲಗಿಸುವವರು ಎಷ್ಟೋ ಮಂದಿ. ಕಂಬಿಗೂ ಹೊರಗಿನ ಗಾಳಿಗೂ ನಡುವೆ ಕನಿಷ್ಠ 20 ಮಿಲಿಮೀಟರು ಕಾಂಕ್ರೀಟು ಇರಬೇಕು. ಮೋಲ್ಡಿನ ದಿನ ಕಂಬಿಯ ಕೆಳಗೆ ಆ ದಪ್ಪದ ಬಿಲ್ಲೆ ಇಡದೆ, ಕೈಗೆ ಸಿಕ್ಕ ಜಲ್ಲಿ ಚೂರನ್ನು ಇಟ್ಟರೆ, ತುಳಿದಾಗ ಕಂಬಿ ಕೆಳಗೆ ಕೂರುತ್ತದೆ. ಅಲ್ಲಿಗೆ ನೀರು ತಲುಪುತ್ತದೆ. ತುಕ್ಕು ಹಿಡಿದ ಕಬ್ಬಿಣ ಮೂಲ ಕಬ್ಬಿಣದ ಎರಡು ಪಟ್ಟಿಗೂ ಮೀರಿ ಹಿಗ್ಗುತ್ತದೆ. ಹಿಗ್ಗಿ ಕೆಳಗಿನ ಗಾರೆಯನ್ನು ತಳ್ಳಿ ಬೀಳಿಸುತ್ತದೆ. ಇದರ ಮೇಲೆ ಮತ್ತೆ ಗಾರೆ ಮೆತ್ತಿ ಸುಣ್ಣ ಬಳಿಯುವುದು ಕೊಳೆತ ಹಲ್ಲಿಗೆ ಚಿನ್ನದ ಕಟ್ಟು ಹಾಕಿದ ಹಾಗೆ. ಒಳಗೆ ತುಕ್ಕು ಬೆಳೆಯುತ್ತಲೇ ಇರುತ್ತದೆ, ಮುಂದಿನ ಸಲ ಬೀಳುವ ಚಕ್ಕೆ ಇನ್ನೂ ದೊಡ್ಡದಾಗಿರುತ್ತದೆ.

ಬಿದಿರು ಕೋಲಿನಿಂದಲೋ ಸುತ್ತಿಗೆಯ ಹಿಡಿಯಿಂದಲೋ ಸೂರನ್ನು ತಟ್ಟಿ ನೋಡಿ. ಪೊಳ್ಳು ಸದ್ದು ಬಂದ ಕಡೆಯಿಂದ ಮಂಚ, ತೊಟ್ಟಿಲು ಆ ದಿನವೇ ಸರಿಯಲಿ. ಪೊಳ್ಳು ಗಾರೆಯನ್ನೆಲ್ಲ ಬೀಳಿಸಿ, ಕಂಬಿಯ ಹಿಂಬದಿಯವರೆಗೆ ಕೆತ್ತಿ, ತಂತಿ ಬ್ರಷ್ಷಿನಿಂದ ಕಬ್ಬಿಣದ ಬಣ್ಣ ಕಾಣುವವರೆಗೆ ಉಜ್ಜಿ, ತುಕ್ಕು ತಡೆಯುವ ಲೇಪ ಹಚ್ಚಿ, ಆ ಮೇಲೆ ಹೊಸ ಗಾರೆ ಕಟ್ಟಿ ನೆನೆಸಬೇಕು. ಉಜ್ಜಿದಾಗ ಕಂಬಿ ಕಾಲು ಪಾಲು ಸವೆದಿರುವುದು ಕಂಡರೆ ಅದು ಗಾರೆಯವನ ಕೆಲಸವಲ್ಲ; ಎಂಜಿನಿಯರರಿಗೆ ತೋರಿಸಬೇಕು. ಅಷ್ಟಕ್ಕೂ ಮೊದಲು ಮೇಲೆ ನೀರು ಇಳಿಯುವುದನ್ನು ನಿಲ್ಲಿಸಿರಬೇಕು, ಇಲ್ಲವಾದರೆ ಮಾಡಿದ್ದೆಲ್ಲ ವ್ಯರ್ಥ.

ಇಷ್ಟೆಲ್ಲ ಓದಿ ಗಾರೆಯವನ ಮೇಲೆ ಎಗರಿ ಬೀಳಲು ಹೊರಡುವವರಿಗೂ ಒಂದು ಮಾತು. ಅವನೂ ದುಡಿದು ತಿನ್ನುವವನು. ಚದರಕ್ಕೆ ಇಷ್ಟೆಂದು ಚೌಕಾಶಿ ಮಾಡಿ ಅವನ ಕೂಲಿಯನ್ನು ಕೆಳಗಿಳಿಸಿದವರು ನಾವೇ. ಮೂರು ದಿನದ ಕೆಲಸವನ್ನು ಎರಡು ದಿನದಲ್ಲಿ ಮುಗಿಸದಿದ್ದರೆ ಅವನಿಗೆ ಗಿಟ್ಟುವುದಿಲ್ಲ. ನೀರು ಹೆಚ್ಚು ಸುರಿಯುವುದು ಅದಕ್ಕೇ, ಸೆಂಟ್ರಿಂಗಿನ ಆಸರೆಗಳನ್ನು ಬೇಗ ಕೀಳುವುದೂ ಅದಕ್ಕೇ. ಹದಿನೈದು ಅಡಿ ದಾಟಿದ ಕೋಣೆಗೆ ಆಸರೆ ಕನಿಷ್ಠ 14 ದಿನ ನಿಲ್ಲಬೇಕು. ಆದರೆ ಸೆಂಟ್ರಿಂಗ್ ಸಾಮಾನಿನ ಬಾಡಿಗೆ ದಿನಕ್ಕೆ ಓಡುತ್ತಿರುತ್ತದೆ. ಆ ಬಾಡಿಗೆಯನ್ನು ಅಂದಾಜಿನಲ್ಲಿ ಮೊದಲೇ ಸೇರಿಸಿ, ಒಂದು ಕಾಗದದ ಮೇಲೆ ದಪ್ಪ ಎಷ್ಟು, ಕಂಬಿ ಯಾವುದು, ಚೀಲ ಎಷ್ಟು, ಆಸರೆ ಎಷ್ಟು ದಿನ ಎಂದು ಇಬ್ಬರೂ ಬರೆದುಕೊಂಡರೆ ಜಗಳಕ್ಕೆ ಅವಕಾಶವಿಲ್ಲ. ಗಿರಣಿಯಲ್ಲಿ ತುಂಡುಗೆಲಸದ ದರವನ್ನು ವಿರೋಧಿಸಿದವನು ತನ್ನ ಮನೆ ಕಟ್ಟುವಾಗ ಗಾರೆಯವನಿಗೆ ಅದೇ ದರ ಹೇರುವುದು ನಮಗಂತೂ ಚೆನ್ನಾಗಿ ಕಾಣುವುದಿಲ್ಲ.

ಪುರಸಭೆಯಿಂದ ನಾವು ಕೇಳುವುದು ದೊಡ್ಡದೇನಲ್ಲ. ಮನೆ ಕಟ್ಟುವ ಪರವಾನಗಿಗೆ ಶುಲ್ಕ ವಸೂಲು ಮಾಡುವ ಕಿಟಕಿಯ ಪಕ್ಕದಲ್ಲಿ ಒಂದು ಹಲಗೆ ತೂಗುಹಾಕಲಿ. ಕಂಬಿಯ ತೂಕ, ಚದರಕ್ಕೆ ಚೀಲ, ಚೀಲಕ್ಕೆ ನೀರು, ನೆನೆಸುವ ದಿನಗಳು, ಇವಿಷ್ಟನ್ನು ದಪ್ಪ ಕನ್ನಡ ಅಕ್ಷರದಲ್ಲಿ ಬರೆಸಲಿ. ಬಣ್ಣದ ಖರ್ಚನ್ನು ಬೇಕಾದರೆ ನಾವೇ ಕೊಡುತ್ತೇವೆ. ಪಾಲಿಟೆಕ್ನಿಕ್ಕಿನ ಅಧ್ಯಾಪಕರು ತಿಂಗಳಿಗೊಂದು ಭಾನುವಾರ ವಿದ್ಯಾರ್ಥಿಗಳೊಡನೆ ಒಂದು ಬೀದಿಯ ಸೂರುಗಳನ್ನು ತಟ್ಟಿ ನೋಡಿ ಹೇಳಿದರೆ ಹುಡುಗರಿಗೂ ಅದು ಪಾಠವಾಗುತ್ತದೆ.

ಹಲಗೆ ಬರುವವರೆಗೆ ನಾವು ಕಾದು ಕೂರುವುದಿಲ್ಲ. ಹಳೆಯ ಫಿಟ್ಟರು ನಮ್ಮ ಕಾರ್ಯಾಲಯದ ಬಾಗಿಲ ಹಿಂದೆ ಸೀಸದ ಕಡ್ಡಿಯಲ್ಲಿ ಈ ಅಂಕಿಗಳನ್ನು ಬರೆದಿಟ್ಟಿದ್ದಾರೆ. ಅಳತೆಯ ಮರದ ಪೆಟ್ಟಿಗೆ ಒಂದು, ಕಬ್ಬಿಣ ಕತ್ತರಿಸುವ ಗರಗಸ ಒಂದು, ಮೀಟರು ಪಟ್ಟಿ ಒಂದು ಅಲ್ಲಿಯೇ ಇವೆ. ತಕ್ಕಡಿ ನಮ್ಮಲ್ಲಿಲ್ಲ, ಎದುರಿನ ಕಿರಾಣಿ ಅಂಗಡಿಯವರು ಸರ್ಕಾರದ ಮುದ್ರೆ ಬಿದ್ದ ತಮ್ಮ ತಕ್ಕಡಿಯನ್ನು ಭಾನುವಾರ ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಕಂಬಿ ತೂಗಲು ಕೊಡಲು ಒಪ್ಪಿದ್ದಾರೆ. ಒಂದು ಮೀಟರಿನ ತುಂಡು ತಂದರೆ ಸಾಕು. ಪೆಟ್ಟಿಗೆಯನ್ನು ಒಯ್ದವರು ತೊಳೆದು, ಸಂಜೆ ದೀಪ ಹಚ್ಚುವುದರೊಳಗೆ ತಂದಿಡಬೇಕು. ಹೋದ ತಿಂಗಳು ಒಯ್ದ ಒಬ್ಬರು ಇನ್ನೂ ಅದರ ಮುಚ್ಚಳವನ್ನು ಹಿಂದಿರುಗಿಸಿಲ್ಲ.